ಪೋವಿಕ್‌ನ ಬ್ಯಾಂಡು, ಕ್ಲೆಂಟ್‌ನ ಪಿಯಾನೊ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣ ಬಿಟ್ಟ ರೈಲು ಆಕ್ಸ್‌ಫರ್ಡ್ ದಾಟಿ, ಕಾಟ್ಸ್‌ವೋಲ್ಡ್ ಗುಡ್ಡಗಳನ್ನು ಇಳಿದು, ಈವ್‌ಶಮ್ ಕಣಿವೆಯ ಹಣ್ಣಿನ ತೋಟಗಳ ನಡುವೆ ಸಾಗಿ ಎರಡು ಗಂಟೆ ಚಿಲ್ಲರೆಯಲ್ಲಿ ವುಸ್ಟರ್ ಮುಟ್ಟುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಈ ಊರಿನ ಹೆಸರಿಗೆ ಒಂಬತ್ತು ಅಕ್ಷರ. ಬಾಯಲ್ಲಿ ಹೇಳುವಾಗ ಅರ್ಧಕ್ಕರ್ಧ ನುಂಗಿಹೋಗಿ ‘ವುಸ್ಟರ್’ ಅಷ್ಟೇ ಉಳಿಯುತ್ತದೆ. ಹೋಟೆಲುಗಳಲ್ಲಿ ಕಾಣುವ ಕಪ್ಪು ಬಣ್ಣದ ಹುಳಿ ಸಾಸು ಹುಟ್ಟಿದ ಊರು ಇದೇ. ಸೆವರ್ನ್ ನದಿ, ದಂಡೆಯ ಮೇಲೊಂದು ಪುರಾತನ ಕೆಥೆಡ್ರಲ್, ಅದಕ್ಕೆ ಎದುರಾಗಿ ಹೈ ಸ್ಟ್ರೀಟ್‌ನ ತುದಿಯಲ್ಲಿ ನಿಂತ ಒಬ್ಬ ದಪ್ಪಮೀಸೆಯ ಮನುಷ್ಯನ ಕಂಚಿನ ಪ್ರತಿಮೆ. ಆತ ಎಡ್ವರ್ಡ್ ಎಲ್ಗಾರ್. 1999ರಿಂದ 2010ರವರೆಗೆ ಇಂಗ್ಲೆಂಡಿನ 20 ಪೌಂಡಿನ ನೋಟಿನ ಮೇಲೆ ಇದ್ದುದೂ ಇದೇ ಮೀಸೆ.

ಎಲ್ಗಾರ್ 1857ರಲ್ಲಿ ವುಸ್ಟರ್ ಪಕ್ಕದ ಬ್ರಾಡ್‌ಹೀತ್ ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಪಿಯಾನೊ ಶ್ರುತಿ ಮಾಡುವವನು. ಹೈ ಸ್ಟ್ರೀಟ್‌ನಲ್ಲಿ ಅವನದೊಂದು ವಾದ್ಯದ ಅಂಗಡಿ. ಮಗ ಸಂಗೀತ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಂಗಡಿಯಲ್ಲಿದ್ದ ಪುಸ್ತಕ, ವಾದ್ಯಗಳೇ ಅವನಿಗೆ ಪಾಠಶಾಲೆ. ಇಷ್ಟು ಸಂಗತಿ ಎಲ್ಲ ಪ್ರವಾಸಿ ಕೈಪಿಡಿಗಳಲ್ಲೂ ಇದೆ. ಊರಿನಿಂದ ದಕ್ಷಿಣಕ್ಕೆ ಐದಾರು ಕಿಲೋಮೀಟರ್ ದೂರದ ಪೋವಿಕ್ ಎಂಬ ಹಳ್ಳಿಯಲ್ಲಿ ಈತ ಐದು ವರ್ಷ ಮಾಡಿದ ಕೆಲಸದ ಬಗ್ಗೆ ಮಾತ್ರ ಕೈಪಿಡಿಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

ಪೋವಿಕ್ ಹಳ್ಳಿ ಟೀಮ್ ನದಿಯ ಪಕ್ಕದಲ್ಲಿದೆ. ಇಲ್ಲಿನ ಹಳೆಯ ಕಲ್ಲುಸೇತುವೆಯ ಬಳಿಯೇ 1642ರಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದ ಮೊದಲ ಚಕಮಕಿ ನಡೆದದ್ದು. ಸೇತುವೆ ಪಕ್ಕದ ಗಿರಣಿಯಲ್ಲಿ 1894ರಲ್ಲಿ ನೀರಿನಿಂದ ವಿದ್ಯುತ್ ತೆಗೆದು ವುಸ್ಟರ್ ನಗರಕ್ಕೆ ಕೊಟ್ಟರು. ಬ್ರಿಟನ್ನಿನ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಅದೂ ಒಂದು. ನಮ್ಮ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ ಎಂಬುದನ್ನು ನೆನೆದರೆ ಎರಡಕ್ಕೂ ಹೆಚ್ಚು ಅಂತರವಿಲ್ಲ. ಹಳ್ಳಿ ಚಿಕ್ಕದಾದರೂ ಸುದ್ದಿಗೆ ಕೊರತೆಯಿಲ್ಲದ್ದು.

ಆದರೆ ಪೋವಿಕ್ ಎಂದರೆ ಸುತ್ತಲಿನ ಹಳೆಯ ತಲೆಮಾರಿನವರಿಗೆ ನೆನಪಾಗುತ್ತಿದ್ದುದು ಯುದ್ಧವೂ ಅಲ್ಲ, ವಿದ್ಯುತ್ತೂ ಅಲ್ಲ, ಹುಚ್ಚಾಸ್ಪತ್ರೆ. 1852ರಲ್ಲಿ ತೆರೆದ ಈ ಆಸ್ಪತ್ರೆಯಲ್ಲಿ ವೈದ್ಯರಿಗೆ ಕೊಡಲು ಔಷಧಿ ಎಂಬುದು ಹೆಚ್ಚೇನೂ ಇರಲಿಲ್ಲ. ತೋಟದ ಕೆಲಸ, ಹೊಲಿಗೆ, ಶುದ್ಧ ಗಾಳಿ, ಹೊತ್ತಿಗೆ ಸರಿಯಾದ ಊಟ ಮತ್ತು ಸಂಗೀತ ಇವೇ ಅಂದಿನ ಚಿಕಿತ್ಸೆ. ಮುಖ್ಯ ವೈದ್ಯ ಜೇಮ್ಸ್ ಶೆರ್ಲಾಕ್‌ಗೆ ಸಂಗೀತದಲ್ಲಿ ನಂಬಿಕೆ ಇತ್ತು. ಆಸ್ಪತ್ರೆಯ ಪರಿಚಾರಕರನ್ನೇ ಸೇರಿಸಿ ಒಂದು ಬ್ಯಾಂಡು ಕಟ್ಟಲಾಯಿತು. ಶುಕ್ರವಾರ ಸಂಜೆ ರೋಗಿಗಳಿಗೆ ನೃತ್ಯ. ಬ್ಯಾಂಡು ನುಡಿಸುವುದು, ರೋಗಿಗಳು ಕುಣಿಯುವುದು.

1879ರ ಜನವರಿಯಲ್ಲಿ ಈ ಬ್ಯಾಂಡಿಗೆ ಮುಖ್ಯಸ್ಥನಾಗಿ ಬಂದವನು 21 ವರ್ಷದ ಎಲ್ಗಾರ್. ವಾರಕ್ಕೊಮ್ಮೆ ಬಂದು ತಾಲೀಮು ಕೊಡಬೇಕು, ನುಡಿಸಲು ಹೊಸ ಸಂಗೀತ ಬರೆದುಕೊಡಬೇಕು. ಸಂಬಳ ವರ್ಷಕ್ಕೆ ಮೂವತ್ತು ಪೌಂಡಿನ ಆಸುಪಾಸು. ಹೊಸದಾಗಿ ಬರೆದ ಒಂದೊಂದು ಪೋಲ್ಕಾ, ಕ್ವಾಡ್ರಿಲ್‌ಗೆ ಐದು ಶಿಲಿಂಗ್. ಕೈಗೆ ಸಿಕ್ಕ ವಾದ್ಯಗಳ ಪಟ್ಟಿ ನೋಡಿದರೆ ನಗು ಬರುತ್ತದೆ: ಒಂದು ಪಿಕೊಲೊ, ಒಂದು ಕೊಳಲು, ಒಂದು ಕ್ಲಾರಿನೆಟ್, ಎರಡು ಕಾರ್ನೆಟ್, ಒಂದು ಯುಫೋನಿಯಂ, ಒಂದಷ್ಟು ಪಿಟೀಲು, ಯಾವಾಗಲೋ ಒಮ್ಮೆ ವಿಯೋಲ, ಚೆಲ್ಲೊ, ಡಬಲ್‌ಬಾಸ್, ಒಂದು ಪಿಯಾನೊ. ಯಾವ ಶಾಸ್ತ್ರಗ್ರಂಥದಲ್ಲೂ ಇಲ್ಲದ ಮೇಳ. ನುಡಿಸುವವರೋ ಹಗಲೆಲ್ಲ ವಾರ್ಡಿನಲ್ಲಿ ದುಡಿದು ದಣಿದವರು. ಇಂಥವರಿಗಾಗಿ ಎಲ್ಗಾರ್ ‘ಮಾಡ್’, ‘ನೆಲ್ಲಿ’ ಎಂಬ ಹುಡುಗಿಯರ ಹೆಸರಿನ ಪೋಲ್ಕಾಗಳನ್ನೂ, ಕ್ವಾಡ್ರಿಲ್‌ಗಳನ್ನೂ ಬರೆದ. ಯಾವ ವಾದ್ಯದ ಸದ್ದು ಯಾವುದನ್ನು ಮುಚ್ಚುತ್ತದೆ, ಯಾವುದು ಯಾವುದಕ್ಕೆ ಒಪ್ಪುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಅವನಿಗೆ ಬೇರೆಲ್ಲೂ ಸಿಕ್ಕುತ್ತಿರಲಿಲ್ಲ. ‘ಎನಿಗ್ಮಾ’ ಕೃತಿಯಿಂದ 1899ರಲ್ಲಿ ಅವನು ಪ್ರಸಿದ್ಧನಾದಾಗ ವಾದ್ಯಮೇಳದ ಮೇಲೆ ಅವನಿಗಿದ್ದ ಹಿಡಿತವನ್ನು ಎಲ್ಲರೂ ಹೊಗಳಿದರು. ಆ ಹಿಡಿತದ ಒಂದು ಬೇರು ಇಲ್ಲಿದೆ.

ರೋಗಿಗಳಿಗೆ ಏನು ಸಿಕ್ಕಿತು? ವಾರದಲ್ಲಿ ಒಂದು ಸಂಜೆ. ಅದನ್ನು ಕಡಿಮೆ ಎನ್ನಲಾಗದು. ಆದರೆ ಬ್ಯಾಂಡು ವೇದಿಕೆಯ ಮೇಲೆ, ರೋಗಿ ನೆಲದ ಮೇಲೆ. ಏನು ನುಡಿಸಬೇಕೆಂಬುದನ್ನು ತೀರ್ಮಾನಿಸುವವರು ಮೇಲಿದ್ದವರು. ಎಲ್ಗಾರ್ 1884ರಲ್ಲಿ ಕೆಲಸ ಬಿಟ್ಟ. ಆಸ್ಪತ್ರೆ ಬೆಳೆಯಿತು, ತುಂಬಿತು, ಹಳಸಿತು. 1968ರಲ್ಲಿ ಟೆಲಿವಿಷನ್ನಿನವರು ಇಲ್ಲಿನ ಎಫ್-13 ಎಂಬ ವೃದ್ಧೆಯರ ವಾರ್ಡನ್ನು ಚಿತ್ರೀಕರಿಸಿ ತೋರಿಸಿದಾಗ ಒಂದಕ್ಕೊಂದು ಅಂಟಿಕೊಂಡ ಹಾಸಿಗೆಗಳನ್ನು ಕಂಡು ಇಡೀ ಇಂಗ್ಲೆಂಡ್ ತಲೆತಗ್ಗಿಸಿತು. ಒಂದು ಕಾಲದಲ್ಲಿ ಎಲ್ಗಾರ್ ನುಡಿಸಿದ ಕಟ್ಟಡ ಎಂಬ ಕೀರ್ತಿ ಆ ವೃದ್ಧೆಯರ ಯಾವ ಉಪಯೋಗಕ್ಕೂ ಬರಲಿಲ್ಲ. 1989ರಲ್ಲಿ ಆಸ್ಪತ್ರೆ ಮುಚ್ಚಿತು. ಬಹುಪಾಲು ಕಟ್ಟಡ ಉರುಳಿ ಮನೆಗಳೆದ್ದಿವೆ. ಬರ್ಮಿಂಗ್‌ಹ್ಯಾಮ್‌ನ ವಾದಕರು ಎಲ್ಗಾರನ ಪೋವಿಕ್ ಸಂಗೀತವನ್ನು ಧ್ವನಿಮುದ್ರಿಸಿ 2014ರಲ್ಲಿ ಹೊರತಂದರು. ಹಗುರವಾದ, ಚುರುಕಾದ, ಕಾಲು ತಾನಾಗಿ ತಾಳ ಹಾಕುವ ಸಂಗೀತ ಅದು.

ಪೋವಿಕ್‌ನಿಂದ ಪಶ್ಚಿಮಕ್ಕೆ ನೋಡಿದರೆ ಬಯಲಿನಿಂದ ತಟ್ಟನೆ ಎದ್ದ ಮಾಲ್ವರ್ನ್ ಬೆಟ್ಟಗಳ ಸಾಲು. ಎತ್ತರ 425 ಮೀಟರ್. ಚಾಮುಂಡಿ ಬೆಟ್ಟ ಹತ್ತಿದವರು ಇದನ್ನು ಬೆಟ್ಟ ಎನ್ನಲು ಹಿಂದೆಮುಂದೆ ನೋಡಬಹುದು. ಬಂಡೆಗಳು ಮಾತ್ರ ಇಂಗ್ಲೆಂಡಿನಲ್ಲೇ ಅತಿ ಹಳೆಯವುಗಳ ಸಾಲಿನವು. ಇಲ್ಲಿನ ಒರತೆಯ ನೀರು ಬಹಳ ಶುದ್ಧವೆಂದು ಹೆಸರಾದದ್ದೇ ತಡ, 1842ರಲ್ಲಿ ಇಬ್ಬರು ವೈದ್ಯರು ಬಂದು ‘ಜಲಚಿಕಿತ್ಸೆ’ ಆರಂಭಿಸಿದರು. ಒದ್ದೆಬಟ್ಟೆ ಸುತ್ತುವುದು, ತಣ್ಣೀರು ಸುರಿಯುವುದು, ಬೆಟ್ಟ ಹತ್ತಿಸುವುದು. ಚಾರ್ಲ್ಸ್ ಡಾರ್ವಿನ್ 1849ರಲ್ಲಿ ಬಂದು ಈ ಚಿಕಿತ್ಸೆ ಪಡೆದ. ಎರಡು ವರ್ಷಗಳ ನಂತರ ಹತ್ತು ವರ್ಷದ ಮಗಳು ಆನಿಯನ್ನೂ ಕರೆತಂದ. ಮಗು ಉಳಿಯಲಿಲ್ಲ. ಮಾಲ್ವರ್ನ್ ಪ್ರಯರಿ ಚರ್ಚಿನ ಅಂಗಳದಲ್ಲಿ ಆಕೆಯ ಸಮಾಧಿ ಇದೆ. ಜಲಚಿಕಿತ್ಸೆಯ ಭರಾಟೆ ಮುಂದೆ ಇಳಿದುಹೋಯಿತು. ನೀರನ್ನು ಬಾಟಲಿಗೆ ತುಂಬಿ ಮಾರುವ ವ್ಯಾಪಾರ ಮಾತ್ರ ಅದಾದ ಮೇಲೂ ಬಹುಕಾಲ ಉಳಿಯಿತು.

ಚಿಕಿತ್ಸೆ ಎಂಬ ಪದವನ್ನು ಸುಲಭವಾಗಿ ನಂಬಬಾರದು ಎಂಬುದಕ್ಕೆ ಮಾಲ್ವರ್ನ್‌ಗಿಂತ ಒಳ್ಳೆಯ ಊರಿಲ್ಲ. ಇದೇ ಡಾರ್ವಿನ್ ಮುಪ್ಪಿನಲ್ಲಿ ಎರೆಹುಳುಗಳ ಮುಂದೆ ಪಿಯಾನೊ ಬಾರಿಸಿ, ಬಸೂನ್ ಊದಿಸಿ ನೋಡಿದ. ಹುಳುಗಳು ಮಿಸುಕಲಿಲ್ಲ. ಹುಳುವಿದ್ದ ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ಅವು ಸರಕ್ಕನೆ ಬಿಲ ಸೇರಿದವು. ಅವಕ್ಕೆ ಸದ್ದು ಕೇಳುವುದಿಲ್ಲ, ಕಂಪನ ತಿಳಿಯುತ್ತದೆ ಎಂದು 1881ರ ಪುಸ್ತಕದಲ್ಲಿ ಬರೆದ. ಸಂಗೀತದ ಬಗ್ಗೆ ಯಾರಾದರೂ ದೊಡ್ಡ ಮಾತಾಡಿದಾಗ ಆ ಕುಂಡವನ್ನು ನೆನೆಯುವುದು ಆರೋಗ್ಯಕರ.

ಪೋವಿಕ್‌ನಿಂದ ಈಶಾನ್ಯಕ್ಕೆ, ಬರ್ಮಿಂಗ್‌ಹ್ಯಾಮ್ ದಿಕ್ಕಿನಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕ್ಲೆಂಟ್ ಬೆಟ್ಟಗಳು. ರಜಾದಿನಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಜನ ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ನೆತ್ತಿಯ ಮೇಲೆ ನಾಲ್ಕು ಕಲ್ಲುಗಳು ನಿಂತಿವೆ. ಆದಿಮಾನವರು ನೆಟ್ಟವು ಎನ್ನಿಸುವಂತಿದ್ದರೂ ಅವು 18ನೆಯ ಶತಮಾನದಲ್ಲಿ ಹ್ಯಾಗ್ಲಿಯ ಜಮೀನ್ದಾರ ಲಾರ್ಡ್ ಲಿಟಲ್‌ಟನ್ ಶೋಕಿಗಾಗಿ ನಿಲ್ಲಿಸಿದವು. ಮಂಜಿಲ್ಲದ ದಿನ ಅಲ್ಲಿಂದ ಮಾಲ್ವರ್ನ್ ಸಾಲು ನೀಲಿಯಾಗಿ ಕಾಣುತ್ತದೆ. ಬೆಟ್ಟದ ಬುಡದ ಕ್ಲೆಂಟ್ ಗ್ರೋವ್ ಎಂಬ ಬಂಗಲೆಯಲ್ಲಿ ಸನ್‌ಫೀಲ್ಡ್ ಎಂಬ ಮಕ್ಕಳ ಮನೆ ಇದೆ. ಫ್ರೀಡ್ ಗಾಯ್ಟರ್ ಮತ್ತು ಮೈಕೇಲ್ ವಿಲ್ಸನ್ ಎಂಬಿಬ್ಬರು 1930ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರಂಭಿಸಿ, ಬಳಿಕ ಇಲ್ಲಿಗೆ ತಂದ ಸಂಸ್ಥೆ ಇದು. ಅಂದಿನ ಮಾತಿನಲ್ಲಿ ‘ಬುದ್ಧಿಮಾಂದ್ಯ’ ಎನಿಸಿಕೊಂಡು, ಕಲಿಯಲಾರರೆಂದು ಶಾಲೆಗಳು ಕೈಬಿಟ್ಟ ಮಕ್ಕಳು ಇಲ್ಲಿರುತ್ತಿದ್ದರು.

1958ರಲ್ಲಿ ಪಾಲ್ ನಾರ್ಡಾಫ್ ಎಂಬ ಅಮೆರಿಕನ್ ಸಂಗೀತಗಾರ ರಜೆಯ ಮೇಲೆ ಯುರೋಪ್ ಸುತ್ತುತ್ತಿದ್ದ. ಸಾಮಾನ್ಯನಲ್ಲ. ಜ್ಯುಲಿಯರ್ಡ್‌ನಲ್ಲಿ ಕಲಿತವನು, ಎರಡು ಸಲ ಗುಗೆನ್‌ಹೈಮ್ ಫೆಲೋಶಿಪ್ ಪಡೆದವನು, ಬಾರ್ಡ್ ಕಾಲೇಜಿನಲ್ಲಿ ಪ್ರಾಧ್ಯಾಪಕ. ವಿಶೇಷ ಮಕ್ಕಳು ಸಂಗೀತಕ್ಕೆ ಸ್ಪಂದಿಸುವುದನ್ನು ಈ ಪ್ರವಾಸದಲ್ಲಿ ಕಂಡು ಅವನ ಮನಸ್ಸು ಹೊರಳಿತು. 1959ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಕಾಲೇಜಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸನ್‌ಫೀಲ್ಡ್‌ಗೆ ಬಂದ. ಐವತ್ತನೆಯ ವಯಸ್ಸಿನಲ್ಲಿ ಖಾಯಂ ನೌಕರಿ ಬಿಡುವುದೆಂದರೆ ಏನೆಂದು ಸಂಬಳದ ಮೇಲೆ ಸಂಸಾರ ನಡೆಸುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಅವನಿಗೆ ಜೊತೆ ಸಿಕ್ಕವನು ಕ್ಲೈವ್ ರಾಬಿನ್ಸ್ ಎಂಬ 32ರ ಹರೆಯದ ಶಿಕ್ಷಕ. ಇಬ್ಬರೂ ಕೆಲಸ ಹಂಚಿಕೊಂಡರು. ನಾರ್ಡಾಫ್ ಪಿಯಾನೊದ ಮುಂದೆ. ರಾಬಿನ್ಸ್ ಮಗುವಿನ ಪಕ್ಕದಲ್ಲಿ. ಮಗುವಿನ ಕೈಗೆ ಒಂದು ಡೋಲು, ಒಂದು ಜಾಗಟೆಯಂಥ ಸಿಂಬಲ್. ಇನ್ನುಳಿದದ್ದೆಲ್ಲ ಪೋವಿಕ್‌ಗೆ ತಿರುಗುಮುರುಗು. ಮೊದಲು ಶುರು ಮಾಡುವುದು ಮಗು. ಅದು ಡೋಲನ್ನು ಅಡ್ಡಾದಿಡ್ಡಿ ಬಡಿದರೆ ಪಿಯಾನೊ ಆ ಲಯವನ್ನು ಹಿಡಿಯಬೇಕು. ನಿಲ್ಲಿಸಿದರೆ ಪಿಯಾನೊ ಕಾಯಬೇಕು. ಓಡಾಡಿದರೆ ಕಾಲ ಹೆಜ್ಜೆಗೆ ಸಂಗೀತ ಕೂಡಬೇಕು. ತಾನು ಮಾಡಿದ್ದಕ್ಕೆ ಹೊರಗಿನಿಂದ ಉತ್ತರ ಬರುತ್ತಿದೆ ಎಂದು ಮಗುವಿಗೆ ಹೊಳೆದ ಕ್ಷಣ ಕೆಲಸ ಆರಂಭವಾದಂತೆ. ಕಛೇರಿಯಲ್ಲಿ ಹಾಡುಗಾರ ಎಳೆದ ಸಂಗತಿಯನ್ನು ಮರುಕ್ಷಣ ಪಿಟೀಲಿನಲ್ಲಿ ತೋರಿಸುವ ಪಕ್ಕವಾದ್ಯದವರ ಕಷ್ಟ ಬಲ್ಲವರಿಗೆ ಇದು ಎಷ್ಟು ನಾಜೂಕಿನ ಕೆಲಸವೆಂದು ಅರ್ಥವಾಗುತ್ತದೆ. ಇಲ್ಲಿ ವಿದ್ವಾಂಸನ ಜಾಗದಲ್ಲಿ ಮಾತು ಬಾರದ ಮಗು.

ಹಾಗಾಗಿ ಅರೆಬರೆ ಕಲಿತವರಿಂದ ಇದು ಸಾಧ್ಯವಿರಲಿಲ್ಲ. ಕೈ ಯಾವ ಶ್ರುತಿಗಾದರೂ, ಯಾವ ಲಯಕ್ಕಾದರೂ ತಕ್ಷಣ ಹೊರಳುವಷ್ಟು ಪಳಗಿದ ವೃತ್ತಿಸಂಗೀತಗಾರನೇ ಬೇಕು. ಅವರು 1977ರಲ್ಲಿ ಪ್ರಕಟಿಸಿದ ‘ಕ್ರಿಯೇಟಿವ್ ಮ್ಯೂಸಿಕ್ ಥೆರಪಿ’ ಪುಸ್ತಕದಲ್ಲಿ ಎಡ್ವರ್ಡ್ ಎಂಬ ಹೆಸರು ಕೊಟ್ಟ ಐದೂವರೆ ವರ್ಷದ ಹುಡುಗನ ವೃತ್ತಾಂತವಿದೆ. ಕೋಣೆಗೆ ಬಂದದ್ದೇ ಹುಡುಗ ಕಿರುಚತೊಡಗುತ್ತಾನೆ. ನಾರ್ಡಾಫ್ ಅವನನ್ನು ಸುಮ್ಮನಾಗಿಸಲು ಜೋಗುಳ ನುಡಿಸುವುದಿಲ್ಲ. ಕಿರುಚಾಟದ ಸ್ವರ ಎಲ್ಲಿದೆಯೆಂದು ಹುಡುಕಿ ಅದೇ ಶ್ರುತಿಯಲ್ಲಿ, ಅದೇ ರಭಸದಲ್ಲಿ ಪಿಯಾನೊ ನುಡಿಸುತ್ತಾನೆ, ಹಾಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಹುಡುಗನ ಕೂಗು ಪಿಯಾನೊದ ಶ್ರುತಿಯೊಳಗೆ ಬಂದು ಬೀಳತೊಡಗುತ್ತದೆ; ಅಳು ಅರ್ಧ ಹಾಡಾಗುತ್ತದೆ. ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲಾದದ್ದು ಅವರು ಇಟ್ಟುಕೊಂಡ ಒಂದು ಶಿಸ್ತಿನಿಂದ. ಪ್ರತಿ ಪಾಠವನ್ನೂ ಟೇಪಿನಲ್ಲಿ ಹಿಡಿದು, ಮಗು ಹೋದ ಮೇಲೆ ಕುಳಿತು ಮತ್ತೆ ಕೇಳಿ, ಎಲ್ಲಿ ಏನಾಯಿತೆಂದು ಟಿಪ್ಪಣಿ ಮಾಡುತ್ತಿದ್ದರು.

ಸನ್‌ಫೀಲ್ಡ್‌ನಲ್ಲಿದ್ದಾಗಲೇ ಮಕ್ಕಳಿಗಾಗಿ ‘ಪಿಫ್-ಪಾಫ್-ಪೋಲ್ಟ್ರಿ’ ಎಂಬ ಹಾಡಿನಾಟ ಕಟ್ಟಿದರು. ಗ್ರಿಮ್ ಸೋದರರ ಕತೆಯದು. ಮದುವೆಯಾಗಬಯಸಿದ ಹುಡುಗ ಹೆಣ್ಣಿನ ಅಪ್ಪನನ್ನು ಕೇಳುತ್ತಾನೆ, ಅಪ್ಪ ಅಮ್ಮನನ್ನು ಕೇಳು ಎನ್ನುತ್ತಾನೆ, ಅಮ್ಮ ಅಣ್ಣನನ್ನು, ಹೀಗೆ ಅದೇ ಪ್ರಶ್ನೆ ಮನೆಯೆಲ್ಲ ಸುತ್ತುತ್ತದೆ. ಅಜ್ಜಿಯ ಗುಬ್ಬಚ್ಚಿ ಕತೆಯ ಹಾಗೆ ಮತ್ತೆ ಮತ್ತೆ ಬರುವ ಮಾತು. ಕಷ್ಟಪಟ್ಟು ಒಂದೇ ವಾಕ್ಯ ಹೇಳಬಲ್ಲ ಮಗುವಿಗೂ ಅದರಲ್ಲಿ ಒಂದು ಪಾತ್ರ ಸಿಗುತ್ತದೆ.

ಎಲ್ಗಾರ್ ಪೋವಿಕ್ ಬಿಟ್ಟದ್ದು 1884, ನಾರ್ಡಾಫ್ ಕ್ಲೆಂಟ್‌ಗೆ ಬಂದದ್ದು 1959. ಒಂದೇ ಜಿಲ್ಲೆಯೊಳಗಿನ ಆ 35 ಕಿಲೋಮೀಟರ್ ದಾರಿಗೆ 75 ವರ್ಷ ಹಿಡಿಯಿತು.

ಕ್ಲೆಂಟ್‌ನ ಕೆಲಸ ಅಲ್ಲಿಗೇ ನಿಂತಿದ್ದರೆ ಇಬ್ಬರು ಸಜ್ಜನರ ಕತೆಯಾಗಿ ಮರೆತುಹೋಗುತ್ತಿತ್ತು. ಬೇರೆ ಸಂಗೀತಗಾರರು ಕೈಗೂಡಿಸಿದ್ದರಿಂದ ಅದು ಬೆಳೆಯಿತು. ಅಷ್ಟರಲ್ಲೇ ಲಂಡನ್ನಿನಲ್ಲಿ ಜೂಲಿಯೆಟ್ ಆಲ್ವಿನ್ ಎಂಬಾಕೆ ಇದೇ ದಾರಿ ಹಿಡಿದಿದ್ದಳು. ಪಾಬ್ಲೊ ಕಸಾಲ್ಸ್‌ನ ಶಿಷ್ಯೆ, ಹೆಸರಾಂತ ಚೆಲ್ಲೊ ವಾದಕಿ. 1958ರಲ್ಲಿ ಆಕೆ ಸಂಗೀತ ಚಿಕಿತ್ಸೆಗಾಗಿ ಒಂದು ಸಂಘ ಕಟ್ಟಿದಳು; 1968ರಲ್ಲಿ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ತರಬೇತಿ ತರಗತಿ ತೆರೆದಳು. ಮೈಸೂರಿನ ಜಯಚಾಮರಾಜ ಒಡೆಯರ್ ಅವರು 1945ರಲ್ಲಿ ಲೈಸೆನ್ಶಿಯೇಟ್ ಪಡೆದ ಶಾಲೆ ಅದೇ ಗಿಲ್ಡ್‌ಹಾಲ್. ನಾರ್ಡಾಫ್ ಮತ್ತು ರಾಬಿನ್ಸ್ ಅವರ ‘ಥೆರಪಿ ಇನ್ ಮ್ಯೂಸಿಕ್ ಫಾರ್ ಹ್ಯಾಂಡಿಕ್ಯಾಪ್ಡ್ ಚಿಲ್ಡ್ರನ್’ 1971ರಲ್ಲಿ ಬಂದಾಗ ಮುನ್ನುಡಿ ಬರೆದದ್ದು ಇಂಗ್ಲೆಂಡಿನ ಅಂದಿನ ಅಗ್ರಗಣ್ಯ ಸಂಗೀತರಚನಕಾರ ಬೆಂಜಮಿನ್ ಬ್ರಿಟನ್. ಹೊಸ ವಿದ್ಯೆಯೊಂದಕ್ಕೆ ಅಂಥವನ ನಾಲ್ಕು ಮಾತು ಸಿಕ್ಕುವುದೆಂದರೆ ಮುಚ್ಚಿದ ಬಾಗಿಲುಗಳು ತೆರೆದಂತೆ.

ಬ್ರಿಟನ್ 1945ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಜೊತೆ ಜರ್ಮನಿಯ ಬೆಲ್ಸನ್ ಶಿಬಿರಕ್ಕೆ ಹೋಗಿ, ಬದುಕುಳಿದವರ ಮುಂದೆ ನುಡಿಸಿದವನು. ಇದೇ ಮೆನುಹಿನ್ 1952ರಲ್ಲಿ ಮುಂಬೈಯಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ಯರನ್ನು ಕಂಡು ಯೋಗ ಕಲಿತು, ತನ್ನ ಅತ್ಯುತ್ತಮ ಪಿಟೀಲು ಗುರು ಇವರೇ ಎಂದು ಹೇಳಿಕೊಂಡದ್ದು ಗೊತ್ತಿರುವ ಸಂಗತಿ. ಆತ 1977ರಲ್ಲಿ ‘ಲೈವ್ ಮ್ಯೂಸಿಕ್ ನೌ’ ಎಂಬ ಸಂಸ್ಥೆ ಕಟ್ಟಿ, ಎಳೆಯ ಸಂಗೀತಗಾರರನ್ನು ವೃದ್ಧಾಶ್ರಮ, ಆಸ್ಪತ್ರೆ, ವಿಶೇಷ ಶಾಲೆಗಳಿಗೆ ಕಳಿಸತೊಡಗಿದ. ಇದು ಚಿಕಿತ್ಸೆಯಲ್ಲ, ಪೋವಿಕ್‌ನ ಬ್ಯಾಂಡಿನ ವಂಶದ್ದು, ಒಳ್ಳೆಯ ವಂಶವೇ. ಎರಡನ್ನೂ ಒಂದೇ ಎಂದು ಬೆರೆಸಿ ಮಾತಾಡುವುದು ಮಾತ್ರ ಸರಿಯಲ್ಲ.

ಹಣದ ಪ್ರಶ್ನೆ ಉಳಿದೇ ಇತ್ತು. ಒಂದು ಮಗುವಿಗೆ ಇಬ್ಬರು ನುರಿತವರು, ವಾರಗಟ್ಟಲೆ ಪಾಠ: ಇದಕ್ಕಿಂತ ದುಬಾರಿ ಪದ್ಧತಿ ಇರಲಾರದು. ನೆರವು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1976ರಲ್ಲಿ ಡೇವ್ ಡೀ ಎಂಬ ಪಾಪ್ ಗಾಯಕ ಮತ್ತು ಸಂಗೀತ ವ್ಯಾಪಾರದ ಕೆಲವು ಗೆಳೆಯರು ಸೇರಿ ‘ಸಿಲ್ವರ್ ಕ್ಲೆಫ್’ ಎಂಬ ಪ್ರಶಸ್ತಿ ಸ್ಥಾಪಿಸಿದರು. ವರ್ಷಕ್ಕೊಂದು ಭೋಜನಕೂಟ; ಬಂದವರ ಜೇಬಿನಿಂದ ನಾರ್ಡಾಫ್-ರಾಬಿನ್ಸ್ ಸಂಸ್ಥೆಗೆ ದೇಣಿಗೆ. ಮೊದಲ ಪ್ರಶಸ್ತಿ ‘ದ ಹೂ’ ತಂಡಕ್ಕೆ ಹೋಯಿತು. ವೇದಿಕೆಯ ಮೇಲೆ ಗಿಟಾರನ್ನು ನೆಲಕ್ಕೆ ಬಡಿದು ಮುರಿಯುವುದಕ್ಕೆ ಹೆಸರಾದ ತಂಡ! ಡೋಲು ಬಡಿಯುವ ಮಗುವಿನ ಪರವಾಗಿ ನಿಲ್ಲಲು ಒಂದರ್ಥದಲ್ಲಿ ಇವರಿಗಿಂತ ಯೋಗ್ಯರಿರಲಿಲ್ಲ.

1990ರ ಜೂನ್ 30ರಂದು ಲಂಡನ್ನಿನ ಉತ್ತರಕ್ಕಿರುವ ನೆಬ್‌ವರ್ತ್ ಬಂಗಲೆಯ ಹುಲ್ಲುಗಾವಲಿನಲ್ಲಿ ಸಿಲ್ವರ್ ಕ್ಲೆಫ್ ಗೆದ್ದವರೆಲ್ಲ ಒಟ್ಟಾಗಿ ಹಾಡಿದರು. ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಎರಿಕ್ ಕ್ಲ್ಯಾಪ್ಟನ್, ಕ್ಲಿಫ್ ರಿಚರ್ಡ್, ಫಿಲ್ ಕಾಲಿನ್ಸ್, ಪಿಂಕ್ ಫ್ಲಾಯ್ಡ್. ಸೇರಿದ ಜನ ಸುಮಾರು 1,20,000. ರಾತ್ರಿ ಮಳೆ ಸುರಿದರೂ ಪಿಂಕ್ ಫ್ಲಾಯ್ಡ್ ನುಡಿಸಿತು. ಬಂದ ಹಣ ನಾರ್ಡಾಫ್-ರಾಬಿನ್ಸ್ ಸಂಸ್ಥೆಗೂ, ಲಂಡನ್ನಿನಲ್ಲಿ ಆಗ ಆರಂಭವಾಗಲಿದ್ದ ಬ್ರಿಟ್ ಕಲಾಶಾಲೆಗೂ ಹೋಯಿತು. 1991ರಲ್ಲಿ ಸಂಸ್ಥೆ ಲಂಡನ್ನಿನ ಕೆಂಟಿಷ್ ಟೌನ್ ಬಳಿ ಲಿಸೆಂಡನ್ ಗಾರ್ಡನ್ಸ್‌ನಲ್ಲಿ ನೆಲೆ ಕಂಡುಕೊಂಡಿತು. ಕ್ಲೆಂಟ್‌ನ ಮಕ್ಕಳ ಮನೆಯಲ್ಲಿ ಒಂದು ಪಿಯಾನೊದಿಂದ ಹೊರಟ ವಿದ್ಯೆ ಹೀಗೆ ರಾಕ್ ಸಂಗೀತದ ದುಡ್ಡಿನಲ್ಲಿ ಸ್ವಂತ ಕಾಲ ಮೇಲೆ ನಿಂತಿತು. 1997ರಲ್ಲಿ ಬ್ರಿಟನ್ ಸರ್ಕಾರ ಸಂಗೀತ ಚಿಕಿತ್ಸಕರನ್ನು ನೋಂದಾಯಿತ ವೃತ್ತಿಯವರೆಂದು ಒಪ್ಪಿತು. ತರಬೇತಿ ಇಲ್ಲದವರು ಅಲ್ಲಿ ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಇಂಥ ರೋಗಕ್ಕೆ ಇಂಥ ರಾಗ ಎಂದು ಕ್ಯಾಸೆಟ್ಟಿನ ಕಾಲದಿಂದಲೂ ಮಾರಿಕೊಂಡು ಬಂದವರಿಗೆ ಅಂಥ ಯಾವ ತೊಡಕೂ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಇದು ಫಲಿಸುತ್ತದೆಯೇ? ತಾರೆಯರ ಹೆಸರಿನಿಂದ ಹಣ ಕೂಡಬಹುದು, ಪುರಾವೆ ಕೂಡುವುದಿಲ್ಲ. 2017ರಲ್ಲಿ 9 ದೇಶಗಳ 364 ಆಟಿಸಂ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಕ್ಲೆಂಟ್‌ನಲ್ಲಿ ಹುಟ್ಟಿದ ಪದ್ಧತಿಗೆ ಹತ್ತಿರದ, ಮಗುವನ್ನು ಅನುಸರಿಸಿ ನುಡಿಸುವ ಚಿಕಿತ್ಸೆ ಐದು ತಿಂಗಳು ಸಿಕ್ಕ ಮಕ್ಕಳಿಗೂ, ಮಾಮೂಲು ಆರೈಕೆಯಲ್ಲಿದ್ದ ಮಕ್ಕಳಿಗೂ ರೋಗಲಕ್ಷಣದ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಂಬಿದವರಿಗೆ ಅದು ಕಹಿಗುಳಿಗೆ. 2022ರಲ್ಲಿ 26 ಅಧ್ಯಯನಗಳನ್ನು, 1,165 ಜನರ ವಿವರಗಳನ್ನು ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಪರಿಶೀಲನೆ, ಒಟ್ಟಾರೆ ಸುಧಾರಣೆಯ ಸಾಧ್ಯತೆ ಸಂಗೀತ ಚಿಕಿತ್ಸೆಯಿಂದ ಬಹುಶಃ ಹೆಚ್ಚುತ್ತದೆ ಎಂದಿತು. ‘ಬಹುಶಃ’ ಎಂಬ ಪದ ಅಲ್ಲಿ ಲೆಕ್ಕಾಚಾರ ಮಾಡಿ ಇಟ್ಟದ್ದು. ಎಡ್ವರ್ಡ್‌ನ ಕೂಗು ಹಾಡಾದದ್ದು ಟೇಪಿನಲ್ಲಿದೆ, ಅದನ್ನು ಯಾರೂ ಅಲ್ಲಗಳೆಯಲಾರರು. ಆ ಹತ್ತು ನಿಮಿಷ ಹುಡುಗನ ಉಳಿದ ದಿನಕ್ಕೆ, ಉಳಿದ ವರ್ಷಕ್ಕೆ ಎಷ್ಟು ದೂರ ಹರಿದೀತು ಎಂಬುದನ್ನು ಅಳೆಯುವುದು ಬೇರೆಯೇ ಕೆಲಸ. ಸಂಗೀತಗಾರರಲ್ಲಿ ವಿವೇಕಿಗಳು ತಾವು ರೋಗ ವಾಸಿ ಮಾಡುತ್ತೇವೆಂದು ಹೇಳುವುದಿಲ್ಲ. ಮಾತಿನ ದಾರಿ ಮುಚ್ಚಿದವರ ಬಳಿ ಹೋಗಲು ಇನ್ನೊಂದು ದಾರಿ ಎನ್ನುತ್ತಾರೆ. ಆ ಮಟ್ಟಿಗೆ ಅವರ ಮಾತು ಒಪ್ಪುವಂಥದ್ದು.

ಈ ಕಡೆ ಹೋಗುವವರು ವುಸ್ಟರ್‌ನಲ್ಲಿ ತಂಗಿದರೆ ಅನುಕೂಲ. ಎಲ್ಗಾರ್ ಹುಟ್ಟಿದ ಬ್ರಾಡ್‌ಹೀತ್‌ನ ಇಟ್ಟಿಗೆ ಮನೆ ಈಗ ಮ್ಯೂಸಿಯಂ. ಅವನ ಅಪ್ಪನ ಅಂಗಡಿ ಹೈ ಸ್ಟ್ರೀಟ್‌ನಲ್ಲಿ ಈಗ ಇಲ್ಲ, ಕೆಡವಿ ಹೊಸದು ಕಟ್ಟಿದ್ದಾರೆ. ವುಸ್ಟರ್, ಹೆರಿಫರ್ಡ್, ಗ್ಲಾಸ್ಟರ್ ಈ ಮೂರು ಊರುಗಳ ಕೆಥೆಡ್ರಲ್‌ಗಳಲ್ಲಿ ಸರದಿಯ ಮೇಲೆ ಬೇಸಿಗೆಯಲ್ಲಿ ಸಂಗೀತೋತ್ಸವ ನಡೆಯುತ್ತದೆ. ಆ ವಾರ ಕೋಣೆ ಸಿಕ್ಕುವುದು ಕಷ್ಟ. ಮಾಲ್ವರ್ನ್‌ಗೆ ರೈಲಿದೆ. ಎಲ್ಗಾರನ ಸಮಾಧಿ ಅಲ್ಲೇ ಬೆಟ್ಟದ ಇಳಿಜಾರಿನ ಲಿಟಲ್ ಮಾಲ್ವರ್ನ್ ಚರ್ಚಿನಲ್ಲಿದೆ. ಕ್ಲೆಂಟ್ ಬೆಟ್ಟದ ನಾಲ್ಕು ಕಲ್ಲುಗಳವರೆಗೆ ಯಾರು ಬೇಕಾದರೂ ನಡೆಯಬಹುದು, ಟಿಕೆಟ್ಟಿಲ್ಲ. ಗಾಳಿ ಜೋರು, ಜೂನ್‌ನಲ್ಲೂ ಸ್ವೆಟರ್ ಇರಲಿ. ಕೆಳಗಿನ ಸನ್‌ಫೀಲ್ಡ್ ನೋಡುವ ಜಾಗವಲ್ಲ, ವಿಶೇಷ ಅಗತ್ಯದ ಮಕ್ಕಳ ವಸತಿ ಶಾಲೆ. ಗೇಟಿನ ಮುಂದೆ ನಿಂತು ಫೋಟೊ ತೆಗೆಯದಿರುವುದು ಒಳ್ಳೆಯದು.